ಆರನೆಯ ಕಲ್ಲು

ದೂರದಿಂದ ಕೇಳಿದರೆ ಅದು ಒಂದೇ ಸದ್ದು.

ಬಜಗೋಳಿ ದಾಟಿ ಎರಡು ತಿರುವು ಆದ ಮೇಲೆ ಬಸ್ಸು ಪಂಕ್ಚರ್ ಆಗಿ ಎಲ್ಲರೂ ಇಳಿದು ನಿಂತಿದ್ದಾಗ ಅದನ್ನು ಮೊದಲ ಸಲ ಕೇಳಿದೆ. ಶಾಲೆಯೊಂದರ ಭಾವಗೀತೆ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಒಂದೇ ಹಾಡನ್ನು ಹದಿನೇಳು ಮಕ್ಕಳ ಬಾಯಲ್ಲಿ ಕೇಳಿ, ಸಂಗೀತದ ಮೇಲೆಯೇ ಜಿಗುಪ್ಸೆ ಹಿಡಿಸಿಕೊಂಡು ಮರಳುತ್ತಿದ್ದೆ. ರಸ್ತೆಯ ಕೆಳಗೆ ಎಲ್ಲೋ ಟಕ್ ಟಕ್ ಟಕ್ ಟಕ್ ಎಂದು ಬರುತ್ತಿತ್ತು. ಯಾವುದೋ ಯಂತ್ರ ಎಂದುಕೊಂಡೆ, ಅಷ್ಟು ಸಮ. ಆದರೆ ಯಂತ್ರದ ಸಮ ಸತ್ತಿರುತ್ತದೆ. ಇಲ್ಲಿ ಪ್ರತಿ ಪೆಟ್ಟಿಗೂ ಬೇರೆ ಗಂಟಲಿತ್ತು, ಸದ್ದು ಸುತ್ತು ತಿರುಗುತ್ತಿತ್ತು. ಕ್ಲೀನರ್ ಚಕ್ರ ಬದಲಿಸುವ ಇಪ್ಪತ್ತು ನಿಮಿಷದಲ್ಲಿ ಒಂದು ಸಲವೂ ಅದು ತುಂಡಾಗಲಿಲ್ಲ.

ಇಳಿದು ಹೋಗಿ ನೋಡಿದೆ. ಕರಿಕಲ್ಲು ಅಗೆಯುವ ಕೋರೆ. ತೆಂಗಿನ ಮಡಲಿನ ಚಪ್ಪರದ ಕೆಳಗೆ ಎಂಟು ಹೆಂಗಸರು ದುಂಡಗೆ ಕೂತಿದ್ದರು. ಪ್ರತಿಯೊಬ್ಬಳ ಮುಂದೆ ನೆಲದಲ್ಲಿ ಅರ್ಧ ಹೂತ ಒಂದು ಅಡಿಗಲ್ಲು. ಅದರ ಮೇಲೆ ಕಲ್ಲಿನ ತುಂಡಿಟ್ಟು ಸುತ್ತಿಗೆಯಿಂದ ಒಡೆದು ಜಲ್ಲಿ ಮಾಡುತ್ತಿದ್ದರು. ಒಬ್ಬಳ ಸುತ್ತಿಗೆ ಇಳಿಯುವಾಗ ಪಕ್ಕದವಳದು ಏಳುತ್ತಿತ್ತು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಬಸ್ಸಿನ ಹಾರ್ನ್ ಎರಡು ಸಲ ಆದ ಮೇಲೆಯೇ ನಾನು ಹಿಂದಿರುಗಿದ್ದು.

ಅದು ತೊಂಬತ್ತೊಂಬತ್ತನೆಯ ಇಸವಿ. ಮಣಿಪಾಲದ ಒಂದು ಕಾಲೇಜಿನಲ್ಲಿ ನಾನು ಧ್ವನಿ ಮತ್ತು ಕಂಪ್ಯೂಟರ್ ಸಂಗೀತ ಕಲಿಸುತ್ತಿದ್ದೆ. ಆರು ವಿದ್ಯಾರ್ಥಿಗಳು, ಒಂದು ಕಂಪ್ಯೂಟರ್. ನನ್ನ ಹೆಸರು ಸ್ಟ್ಯಾನಿಸ್ಲಾಸ್. ಸ್ಟ್ಯಾನಿ ಸರ್ ಎನ್ನುತ್ತಿದ್ದರು. ಮನುಷ್ಯ ಏನಾದರೂ ಮಾಡಿದರೆ ಯಂತ್ರ ಅದನ್ನು ಕೇಳಿಸಿಕೊಂಡು ತನ್ನ ಸ್ವರದಲ್ಲಿ ಉತ್ತರ ಕೊಡಬೇಕು, ಅಂಥ ರಚನೆಗಳನ್ನು ನಾನು ಮಾಡುತ್ತಿದ್ದೆ. ಹಿಂದಿನ ವರ್ಷ ಲೈಬ್ರರಿಯ ಬಾಗಿಲಿನ ಕೀಲು ಕಿರುಗುಟ್ಟಿದಾಗಲೆಲ್ಲ ಕಂಪ್ಯೂಟರ್ ಹಾಡುವ ಹಾಗೆ ಮಾಡಿದ್ದೆ. ಮೂರನೆಯ ದಿನ ಯಾರೋ ಕೀಲಿಗೆ ಎಣ್ಣೆ ಹಾಕಿದ್ದರು.

ಡಿಸೆಂಬರಿನಲ್ಲಿ ಕಾಲೇಜಿನ ಹೊಸ ಸಭಾಂಗಣದ ಉದ್ಘಾಟನೆಯಿತ್ತು. "ನಿಮ್ಮ ಕಂಪ್ಯೂಟರಿನದ್ದು ಏನಾದರೂ ಇಡಿ. ಎರಡು ಸಾವಿರ ಇಸವಿಗೆ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವಂತೆ, ಅದರ ಮೊದಲು ಜನ ನೋಡಲಿ" ಎಂದಿದ್ದರು ಪ್ರಿನ್ಸಿಪಾಲರು. ಆ ಸಭಾಂಗಣಕ್ಕೆ ಜಲ್ಲಿ ಬಂದದ್ದು ಅದೇ ಕೋರೆಯಿಂದ ಎಂದು ತಿಳಿದಾಗ ನನಗೆ ನಿದ್ದೆ ಬರಲಿಲ್ಲ. ಗೋಡೆಯೊಳಗಿನ ಸದ್ದನ್ನು ಗೋಡೆಯ ಮುಂದೆಯೇ ಕೂರಿಸುವುದು! ಯೋಚನೆ ಚೆಂದ ಇದ್ದಷ್ಟೂ ಅದರೊಳಗೆ ಮನುಷ್ಯರು ಕಾಣುವುದು ಕಡಿಮೆ. ಇದನ್ನು ಈಗ ಹೇಳುತ್ತಿದ್ದೇನೆ, ಆಗ ಹೊಳೆದದ್ದಲ್ಲ.

ಕೋರೆಯ ಮಾಲೀಕ ಭುಜಂಗ ಶೆಟ್ಟರು ಕಾರ್ಕಳದ ತಮ್ಮ ಆಫೀಸಿನಲ್ಲಿ ಬಾಯಿ ತುಂಬ ನಕ್ಕರು. "ಕಲ್ಲು ಒಡೆಯುವುದೂ ಸಂಗೀತವಾ? ಹಾಗಾದರೆ ನಾನು ಇಪ್ಪತ್ತು ವರ್ಷದಿಂದ ಯಕ್ಷಗಾನದ ಭಾಗವತಿಕೆ ಮಾಡುತ್ತಾ ಇದ್ದೇನೆ ಮಾರಾಯ್ರೆ. ಹೋಗಿ, ಎಂತ ಬೇಕಾದರೂ ಮಾಡಿ. ಕೆಲಸ ನಿಲ್ಲಿಸಬೇಡಿ, ಅಷ್ಟೇ."

ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಯೋಗೀಶ್ ನನ್ನ ಜೊತೆ ಬಂದ. ಪಡುಬಿದ್ರಿಯ ಮೀನುಗಾರರ ಮನೆಯ ಹುಡುಗ. ಬೆಸುಗೆ ಹಾಕಲು ಕೂತರೆ ಬಲೆ ನೇಯುವವರ ತಾಳ್ಮೆ ಅವನಲ್ಲಿ ಕಾಣುತ್ತಿತ್ತು. ಉಡುಪಿಯ ರೇಡಿಯೋ ರಿಪೇರಿ ಅಂಗಡಿಯಿಂದ ಎಂಟು ಹಿತ್ತಾಳೆ ಬಿಲ್ಲೆ ತಂದಿದ್ದ. ಫೋನಿನೊಳಗೆ ಕಿರುಗುಟ್ಟುವ ಬಿಲ್ಲೆಗಳು. ಕಲ್ಲಿಗೆ ಅಂಟಿಸಿದರೆ ಪ್ರತಿ ಪೆಟ್ಟಿಗೂ ಚೂರು ಕರೆಂಟು ಕೊಡುತ್ತವೆ, ಕಂಪ್ಯೂಟರ್ ಅದನ್ನು ಸ್ವರ ಮಾಡುತ್ತದೆ. ಒಂದೊಂದು ಅಡಿಗಲ್ಲಿಗೆ ಒಂದು ಬಿಲ್ಲೆ, ಒಂದು ವಯರು, ಒಂದು ಸ್ವರ.

ಮೊದಲ ದಿನ ಎಲ್ಲ ಕೆಟ್ಟಿತು. ಒಂದು ಕಲ್ಲಿಗೆ ಹೊಡೆದರೆ ನೆಲದ ಮೂಲಕ ಎಂಟೂ ಬಿಲ್ಲೆಗಳು ಅದುರುತ್ತಿದ್ದವು. ಯಾವ ಪೆಟ್ಟು ಯಾರದು ಎಂದೇ ಕಂಪ್ಯೂಟರಿಗೆ ತಿಳಿಯುತ್ತಿರಲಿಲ್ಲ.

"ಈ ಕಲ್ಲುಗಳೆಲ್ಲ ಒಂದೇ ಮನೆಯವು ಸರ್" ಎಂದ ಯೋಗೀಶ್. "ಒಂದಕ್ಕೆ ಪೆಟ್ಟಾದರೆ ಎಂಟೂ ಕೂಗುತ್ತವೆ."

ಎರಡು ಭಾನುವಾರ ಅದಕ್ಕೇ ಹೋಯಿತು. ಅಡಿಗಲ್ಲುಗಳನ್ನು ಎಬ್ಬಿಸಿ, ಕೆಳಗೆ ಲಾರಿ ಟ್ಯೂಬಿನ ರಬ್ಬರು ಹಾಸಿ ಮತ್ತೆ ಕೂರಿಸಿದೆವು. ಪ್ರತಿ ವಯರಿಗೂ ಒಂದೊಂದು ತಿರುಪು ಇರುವ ಪೆಟ್ಟಿಗೆಯನ್ನು ಯೋಗೀಶ್ ಮಾಡಿದ. ತಿರುಪು ಇಳಿಸಿದರೆ ಆ ಕಲ್ಲು ತನ್ನ ಪೆಟ್ಟನ್ನು ಮಾತ್ರ ಕೇಳುತ್ತದೆ, ಏರಿಸಿದರೆ ನೆರೆಹೊರೆಯದ್ದನ್ನೂ.

ಹೆಂಗಸರು ಗದಗ ಕಡೆಯವರು, ಕೋರೆಯ ಪಕ್ಕದ ಶೆಡ್ಡುಗಳಲ್ಲೇ ಸಂಸಾರ ಹೂಡಿದ್ದರು. ಐದನೆಯ ಕಲ್ಲಿನ ಮುಂದೆ ಕೂರುವ ರಾಜಶ್ರೀ ಎಂಬವಳ ಬಾಯಿ ಜೋರು. "ನಿಮ್ಮ ಯಂತ್ರಕ್ಕ ಕಿವಿ ಅದಾವ ಅಂದ್ರ ನಮ್ಮ ಸಾಹುಕಾರಗೂ ಎರಡು ಹಚ್ಚಸ್ರಿ ಸರ. ನೀರಿನ ಟ್ಯಾಂಕರ್ ಕೇಳಿ ತಿಂಗಳಾತು, ಅವರಿಗೆ ಕೇಳವಲ್ದು." ಎಲ್ಲರೂ ನಕ್ಕರು. ಅವಳ ಪಕ್ಕದಲ್ಲಿ, ಆರನೆಯ ಕಲ್ಲಿನ ಮುಂದೆ ಇದ್ದವಳು ಮಾತ್ರ ನಗಲಿಲ್ಲ. ಯಂಕವ್ವ. ಎಲ್ಲರಿಗಿಂತ ಹಿರಿಯಳು. ಅವಳ ಗಂಡ ತಿಮ್ಮಣ್ಣ ಕೋರೆಯ ಕೆಳಗಿನಿಂದ ದೊಡ್ಡ ಕಲ್ಲುಗಳನ್ನು ಹೊತ್ತು ತಂದು ವೃತ್ತದ ನಡುವೆ ಹಾಕುತ್ತಿದ್ದ. ಯಂಕವ್ವ ಬಿಲ್ಲೆಯನ್ನು ಎಡಗೈಯ ಬೆರಳಿನಿಂದ ಮುಟ್ಟಿ ನೋಡಿ ಕೇಳಿದಳು:

"ಇದು ಎಲ್ಲಾರದೂ ಕೂಡೇ ಕೇಳತೈತೋ, ಒಬ್ಬೊಬ್ಬಾಕಿದು ಬ್ಯಾರೆ ಬ್ಯಾರೆ ಕೇಳತೈತೋ?"

"ಬೇರೆ ಬೇರೆ. ಅದೇ ಇದರ ವಿಶೇಷ."

ಬಿಲ್ಲೆಯಿಂದ ಬೆರಳು ತೆಗೆದಳು. "ಕೂಡೇ ಕೇಳಿದ್ರ ಆಗಂಗಿಲ್ಲೇನ್ರಿ?"

"ಅದಕ್ಕೆ ಒಂದು ಟೇಪ್ ರೆಕಾರ್ಡರ್ ಸಾಕಲ್ಲಮ್ಮ" ಎಂದೆ, ತರಗತಿಯಲ್ಲಿ ದಡ್ಡ ಪ್ರಶ್ನೆಗೆ ನಗುವ ಹಾಗೆ ನಕ್ಕು. ಅವಳು ಕೇಳಿದ್ದು ಪ್ರಶ್ನೆಯಲ್ಲ, ಬೇಡಿಕೆ. ಸದ್ದಿನ ಮೇಷ್ಟ್ರಿಗೆ ಅದು ಕೇಳಿಸಲಿಲ್ಲ.

ಒಂದು ಇಡೀ ದಿನದ ಪೆಟ್ಟುಗಳನ್ನು ಕಂಪ್ಯೂಟರಿಗೆ ತುಂಬಿಸಿಕೊಂಡು ಮಣಿಪಾಲಕ್ಕೆ ತಂದೆ. ಪರದೆಯ ಮೇಲೆ ಎಂಟು ಗೆರೆ, ಪ್ರತಿ ಪೆಟ್ಟಿಗೆ ಒಂದು ಚುಕ್ಕೆ. ಏಳು ಗೆರೆಗಳು ಹೊಲಿಗೆ ಹಾಕಿದ ಹಾಗೆ ಇದ್ದವು. ಆರನೆಯದು ಹರಿದಿತ್ತು. ಬೆಳಿಗ್ಗೆ ಐದಾರು ಪೆಟ್ಟಿಗೊಂದು ಖಾಲಿ. ಮಧ್ಯಾಹ್ನದ ಮೇಲೆ ಅರ್ಧಕ್ಕರ್ಧ ಖಾಲಿ. ಆದರೆ ಆರನೆಯದು ಖಾಲಿ ಇದ್ದಲ್ಲೆಲ್ಲ ಐದನೆಯ ಅಥವಾ ಏಳನೆಯ ಗೆರೆಯಲ್ಲಿ ಒಂದು ಚುಕ್ಕೆ ಹೆಚ್ಚಿತ್ತು. ಕರಾರುವಾಕ್ಕಾಗಿ ಅದೇ ಕ್ಷಣದಲ್ಲಿ. ಒಂದು ಕಡೆಯೂ ತಪ್ಪಿರಲಿಲ್ಲ.

ಕಾಪುವಿನ ಹತ್ತಿರದ ನಮ್ಮ ಇಗರ್ಜಿಯಲ್ಲಿ ಹತ್ತು ವರ್ಷ ಗುಂಪಿನಲ್ಲಿ ಹಾಡಿದವನು ನಾನು. ಉದ್ದದ ಸ್ವರ ಬಂದಾಗ ಇಮ್ಯಾನುಯೆಲ್ ಮಾಸ್ಟರು ಹೇಳುತ್ತಿದ್ದರು: "ಪಕ್ಕದವನು ಉಸಿರು ತೆಗೆಯುವಾಗ ನೀನು ಹಾಡು, ನೀನು ತೆಗೆಯುವಾಗ ಅವನು ಹಾಡುತ್ತಾನೆ. ಯಾರು ಯಾವಾಗ ಉಸಿರು ತೆಗೆದರು ಅಂತ ದೇವರಿಗೂ ಗೊತ್ತಾಗಬಾರದು." ಆ ಮಾತು ನನಗೆ ನೆನಪಾಯಿತು, ಸಂತೋಷವೂ ಆಯಿತು. ಅದರ ಕೊನೆಯ ವಾಕ್ಯದ ಮೇಲೆ ಮಾತ್ರ ಮನಸ್ಸು ನಿಲ್ಲಲಿಲ್ಲ. ನೋಟ್‌ಬುಕ್ಕಿನಲ್ಲಿ 'ಆರನೆಯ ಕಲ್ಲಿನ ಮೌನ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಇಡೀ ರಚನೆ ಅದರ ಮೇಲೆ ನಿಂತಿತು.

ಎಂಟು ಕಲ್ಲಿಗೆ ಎಂಟು ಬಲ್ಬು ಇಡುವ ಯೋಚನೆ ಯೋಗೀಶನದು. ಪೆಟ್ಟು ಬಿದ್ದ ಕಲ್ಲಿನ ಬಲ್ಬು ಮಿನುಗಬೇಕು. "ಕಿವಿ ಇಲ್ಲದವರಿಗೂ ತಿಳಿಯಲಿ ಸರ್. ಮುಂದಿನ ಸಾಲಿನಲ್ಲಿ ಕೂರುವವರೆಲ್ಲ ಅಂಥವರೇ ಅಲ್ವಾ?"

ಉದ್ಘಾಟನೆಯ ದಿನ ಹೆಂಗಸರನ್ನು ಶೆಟ್ಟರ ಲಾರಿಯಲ್ಲೇ ಕರೆತಂದರು. ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಅಡಿಗಲ್ಲುಗಳನ್ನೂ ಅಗೆದು ತಂದು ವೇದಿಕೆಯ ಮೇಲೆ ರಬ್ಬರಿನ ಮೇಲೆ ಕೂರಿಸಿದ್ದೆವು. ಟಕ್ ಟಕ್ ಶುರುವಾಯಿತು. ಕಲ್ಲಿನ ಸದ್ದಿನ ಹಿಂದೆ ನನ್ನ ಸ್ವರಗಳು ಎದ್ದವು. ಇಗರ್ಜಿಯ ಗಂಟೆ, ದೋಣಿಯ ಹಲಗೆ, ಎತ್ತರದ ಒಂದು ಕೊಳಲು. ಬೆಳಕು ಬಲ್ಬಿನಿಂದ ಬಲ್ಬಿಗೆ ಸುತ್ತು ಓಡಿತು. ಆರನೆಯದರಲ್ಲಿ ಆಗಾಗ ಕತ್ತಲು. ಅದು ಎಷ್ಟು ಚೆಂದವಿತ್ತೆಂದು ಹೇಳಲು ನನಗೆ ಈಗಲೂ ನಾಚಿಕೆ.

ಅಷ್ಟಕ್ಕೆ ಬಿಡಬಹುದಿತ್ತು. ಆದರೆ ನಾನು ಮೇಷ್ಟ್ರು. ಮೈಕು ಹಿಡಿದೆ. "ಒಂದೇ ಸದ್ದು ಅಂದುಕೊಂಡಿರಲ್ಲ? ಈಗ ಒಂದೊಂದನ್ನೇ ಬಿಡಿಸಿ ಕೇಳೋಣ. ಇದು ಆರನೆಯ ಕಲ್ಲು." ಉಳಿದ ಏಳನ್ನು ಮುಚ್ಚಿದೆ. ಸ್ಪೀಕರಿನಲ್ಲಿ ಟಕ್. ಮತ್ತೆ ಬಹಳ ಹೊತ್ತು ಏನೂ ಇಲ್ಲ. ಟಕ್. "ಈ ಖಾಲಿ ಜಾಗವನ್ನು ತುಂಬುವವರು ಯಾರು ನೋಡಿ" ಎಂದು ಐದನ್ನೂ ಏಳನ್ನೂ ತೆರೆದು ತೋರಿಸಿದೆ.

ಚಪ್ಪಾಳೆ ಬಿತ್ತು. ಯಂಕವ್ವ ಸುತ್ತಿಗೆಯನ್ನು ಎಡಗೈಗೆ ಬದಲಿಸಿಕೊಂಡು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ರಾಜಶ್ರೀ ಬಲ್ಬುಗಳನ್ನೇ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು. ಹಾಡುತ್ತಿದ್ದಾಳೆ ಎಂದುಕೊಂಡೆ. ಅವಳು ಎಣಿಸುತ್ತಿದ್ದಳು.

ಮರುದಿನ ಮಧ್ಯಾಹ್ನ ಭುಜಂಗ ಶೆಟ್ಟರು ನನ್ನ ಲ್ಯಾಬಿಗೇ ಬಂದರು. ಕೈಯಲ್ಲಿ ಒಂದು ಪೊಟ್ಟಣ ಗೋಡಂಬಿ.

"ಬಹಳ ಒಳ್ಳೆಯ ವಸ್ತು ಮಾಡಿದ್ದೀರಿ ಸರ್. ನನಗೆ ಕಲೆ ಗೊತ್ತಿಲ್ಲ, ಆದರೆ ಬಲ್ಬು ಗೊತ್ತಾಯಿತು. ಆ ಆರನೆಯದು ನಮ್ಮ ಯಂಕವ್ವ ಅಲ್ವಾ?"

ನಾನು ಕಂಪ್ಯೂಟರಿನ ಪರದೆ ಆರಿಸಿದೆ.

"ಸಂಕ್ರಾಂತಿ ಕಳೆದ ಮೇಲೆ ಜಲ್ಲಿ ಮಾಡುವ ಕ್ರಷರ್ ಯಂತ್ರ ಬರುತ್ತದೆ. ಆಮೇಲೆ ಕೈಯಲ್ಲಿ ಒಡೆಯಲಿಕ್ಕೆ ನಾಲ್ಕು ಜನ ಸಾಕು. ಉಳಿದವರು ಶೆಡ್ಡು ಖಾಲಿ ಮಾಡಬೇಕಾಗುತ್ತದೆ, ಎಂತ ಮಾಡುವುದು? ಯಾರನ್ನು ಇಟ್ಟುಕೊಳ್ಳುವುದು ಅಂತ ನನಗೆ ತಲೆಬಿಸಿ ಇತ್ತು. ಎಲ್ಲರದ್ದೂ ಒಂದೇ ರಾಶಿ, ಒಂದೇ ಸದ್ದು. ಈಗ ನಿಮ್ಮದೊಂದು ತಕ್ಕಡಿ ಸಿಕ್ಕಿತು."

"ಅದು ತಕ್ಕಡಿ ಅಲ್ಲ ಶೆಟ್ರೇ. ಸಂಗೀತ."

"ಇರಲಿ ಮಾರಾಯ್ರೆ. ಬರುವ ಸೋಮವಾರ ಕೋರೆಗೆ ತನ್ನಿ, ಬಲ್ಬಿನ ಸಮೇತ. ನಾನು ಕಣ್ಣಾರೆ ನೋಡುತ್ತೇನೆ, ಯಾರಿಗೂ ಅನ್ಯಾಯ ಆಗಬಾರದು. ನೀವು ಬಾರದಿದ್ದರೆ ನಾನು ನಿನ್ನೆ ನೋಡಿದ್ದನ್ನೇ ನಂಬಬೇಕಾಗುತ್ತದೆ."

ಅವರು ಹೋದ ಮೇಲೆ ಗೋಡಂಬಿ ಮೇಜಿನ ಮೇಲೆ ಉಳಿಯಿತು. ಅಡಿಗಲ್ಲುಗಳು ಹಿಂದಿನ ರಾತ್ರಿಯೇ ಹೆಂಗಸರ ಜೊತೆ ಲಾರಿಯಲ್ಲಿ ಕೋರೆಗೆ ಮರಳಿದ್ದವು. ನಾನು ಬಸ್ಸು ಹತ್ತಿದೆ.

ರಸ್ತೆಯಿಂದ ಇಳಿಯುವಾಗಲೇ ಗೊತ್ತಾಯಿತು. ಯಾವ ಬಿಲ್ಲೆಯೂ ಇಲ್ಲದೆ, ಬರಿಗಿವಿಗೆ. ಟಕ್ ಟಕ್ ಟಕ್ ಟಕ್ ಟಕ್, ಒಂದು ತೂತು, ಟಕ್ ಟಕ್. ಸದ್ದು ಕುಂಟುತ್ತಿತ್ತು. ಅದನ್ನು ಯಾರೂ ತುಂಬುತ್ತಿರಲಿಲ್ಲ.

ಯಂಕವ್ವ ಶೆಡ್ಡಿನ ಮುಂದೆ ಕೂತು ಬಲಗೈಯನ್ನು ಬಿಸಿನೀರಿನಲ್ಲಿ ಅದ್ದಿಕೊಂಡಿದ್ದಳು. ಮೊಣಕೈಯಿಂದ ಕೆಳಗೆ ಕೈ ಊದಿ ಬೇರೆ ಯಾರದೋ ಕೈಯ ಹಾಗೆ ಇತ್ತು.

"ಯಾವಾಗಿಂದ?" ಎಂದೆ.

"ಹ್ವಾದ ಯುಗಾದಿಯಿಂದ್ರಿ."

"ಇವರಿಗೆಲ್ಲ ಗೊತ್ತಿತ್ತಾ?"

"ಗೊತ್ತಿತ್ತೋ ಇಲ್ಲೋ, ಯಾರೂ ಆಡಿಲ್ಲ. ಅದನ್ನ ಬಾಯಿ ಬಿಟ್ಟು ಆಡೂದಲ್ರಿ. ರಾಜಶ್ರೀ ಬಸುರಿದ್ದಾಗ ಆಕಿ ಪೆಟ್ಟು ನಾವ್ ಹಾಕೀವಿ. ಎಷ್ಟ ಹಾಕಿದ್ವಿ ಅಂತ ನನಗೂ ಗೊತ್ತಿಲ್ಲ, ಆಕಿಗೂ ಗೊತ್ತಿಲ್ಲ. ಗೊತ್ತಿರಲಾರದ್ದಕ್ಕ ನಡೀತಿತ್ತು." ಕೈಯನ್ನು ನೀರಿನಿಂದ ತೆಗೆದು ಸೆರಗಿನಲ್ಲಿ ಒರಸಿಕೊಂಡಳು. "ಈಗ ಆಕಿಗೆ ಗೊತ್ತಾಗೈತಿ. ದೀಪಾ ಎಣಿಸ್ಯಾಳ. ಇವತ್ತ ಮುಂಜಾನಿಯಿಂದ ಕಲ್ಲ ಆ ಕಡೆ ಸರಿಸಿಕೊಂಡು ಕುಂದರತಾಳ."

ತಿಮ್ಮಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಅಷ್ಟು ದಿನದಲ್ಲಿ ಅವನು ನನ್ನೊಡನೆ ಮಾತಾಡಿದ್ದೇ ಇಲ್ಲ. "ಸರ, ಕೇಳಾಕ ಬಂದೀನಿ ಅಂದಿದ್ರಿ ನೀವು. ತೋರಸಾಕ ಬಂದೀನಿ ಅಂದಿರಲಿಲ್ಲ."

ನಾನು ಕ್ಷಮೆ ಕೇಳಿದೆ. ನನ್ನ ಪುಸ್ತಕದ ಕನ್ನಡದಲ್ಲಿ ಅದು ಅರ್ಜಿಯ ಹಾಗೆ ಕೇಳಿಸಿತು. ಆಮೇಲೆ ಉಪಾಯ ಹೇಳಿದೆ: ಸೋಮವಾರ ನಾನೇ ಬರುತ್ತೇನೆ, ಬಲ್ಬುಗಳ ಸಮೇತ. ಆರನೆಯ ಕಲ್ಲಿನ ಅಡಿಯ ರಬ್ಬರು ತೆಗೆಯುತ್ತೇನೆ, ಅದರ ತಿರುಪು ಪೂರ್ತಿ ಏರಿಸುತ್ತೇನೆ. ಅಕ್ಕಪಕ್ಕದವರು ಹೊಡೆದರೂ ನಿನ್ನ ದೀಪ ಹತ್ತುತ್ತದೆ. ನೀನು ಸುತ್ತಿಗೆ ಸುಮ್ಮನೆ ಎತ್ತಿ ಇಳಿಸಿದರೆ ಸಾಕು.

"ಯಂತ್ರ ಸುಳ್ಳ ಹೇಳತೈತೇನ್ರಿ?" ಎಂದಳು.

"ಹೇಳಿಸಿದರೆ ಹೇಳುತ್ತದೆ."

ಅವಳು ಆಗಲಿ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಅವಳ ಶೆಡ್ಡಿನ ಒಳಗೆ ಎರಡು ಟ್ರಂಕು, ಒಂದು ರೊಟ್ಟಿಯ ಹಂಚು ಕಾಣುತ್ತಿದ್ದವು. ಊರಿನಲ್ಲಿ ಅವರಿಗೆ ಅಷ್ಟೂ ಇಲ್ಲವೆಂದು ರಾಜಶ್ರೀ ಹಿಂದೊಮ್ಮೆ ಹೇಳಿದ್ದಳು.

ಸೋಮವಾರ ಬೆಳಿಗ್ಗೆ ಕಾಲೇಜಿನ ವ್ಯಾನಿನಲ್ಲಿ ಹೊರಟೆವು. ಕಾರ್ಕಳ ದಾಟಿದ ಮೇಲೆ ಯೋಗೀಶ್ ಒಂದು ಮಾತು ಹೇಳಿದ. "ಆ ಅದುರುವಿಕೆಯನ್ನು ನಿಲ್ಲಿಸಲಿಕ್ಕೆ ಎರಡು ವಾರ ಸತ್ತೆವು ಸರ್. ಹಾಗೇ ಬಿಟ್ಟಿದ್ದರೆ ಆಗುತ್ತಿತ್ತು."

ನಾನು ದಾರಿಯುದ್ದಕ್ಕೂ ಇನ್ನೊಂದು ಅಂತ್ಯವನ್ನು ಕಲ್ಪಿಸಿಕೊಳ್ಳುತ್ತಿದ್ದೆ. ಎಂಟೂ ಹೆಂಗಸರು ಬೇಕೆಂದೇ ಒಂದೊಂದು ಪೆಟ್ಟು ತಪ್ಪಿಸುತ್ತಾರೆ, ಎಂಟೂ ಬಲ್ಬುಗಳು ತೊದಲುತ್ತವೆ, ಶೆಟ್ಟರಿಗೆ ಯಾರೆಂದು ತಿಳಿಯುವುದಿಲ್ಲ. ಚೆಂದದ ಅಂತ್ಯ. ಸಂಗೀತ ಬರೆಯುವವರಿಗೆ ಇಂಥದ್ದು ಹೊಳೆಯುತ್ತದೆ. ಶೆಡ್ಡು ಕಳೆದುಕೊಳ್ಳುವವರಿಗೆ ಹೊಳೆಯುವುದಿಲ್ಲ.

ಶೆಟ್ಟರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಇನ್ನು ನಾಲ್ಕೇ ಜನರಿಗೆ ಕೆಲಸ ಎಂದು ಹೆಂಗಸರಿಗೆ ಆಗಲೇ ಹೇಳಿಯಾಗಿತ್ತು. ಪಂಪ್ ಶೆಡ್ಡಿನಿಂದ ಕರೆಂಟು ಎಳೆದೆವು. ಕಲ್ಲುಗಳನ್ನು ಕೂರಿಸುವಾಗ ಆರನೆಯದರ ಕೆಳಗಿನ ರಬ್ಬರನ್ನು ನಾನೇ ಎಳೆದು ಚೀಲಕ್ಕೆ ಹಾಕಿಕೊಂಡೆ. ತಿರುಪು ಕೊನೆಯವರೆಗೆ ಏರಿಸಿದೆ.

"ಹೂಂ, ಶುರು ಮಾಡಿ" ಎಂದರು ಶೆಟ್ಟರು.

ಅಂಥ ಹೊಡೆತವನ್ನು ನಾನು ಕೇಳಿರಲಿಲ್ಲ. ಏಳು ಹೆಂಗಸರು ಒಬ್ಬರಿಗಿಂತ ಒಬ್ಬರು ಜೋರು. ಸರದಿ ಇಲ್ಲ, ಸುತ್ತು ಇಲ್ಲ. ಪ್ರತಿಯೊಬ್ಬಳ ಕಣ್ಣೂ ತನ್ನ ಬಲ್ಬಿನ ಮೇಲೆ, ಆಮೇಲೆ ಪಕ್ಕದವಳ ಬಲ್ಬಿನ ಮೇಲೆ. ಆರನೆಯದೂ ಉರಿಯುತ್ತಿತ್ತು, ಎಲ್ಲಕ್ಕಿಂತ ಹೆಚ್ಚು. ಯಂಕವ್ವ ಸುತ್ತಿಗೆಯನ್ನು ಒಂದು ಗೇಣು ಎತ್ತಿ ಇಳಿಸುತ್ತಿದ್ದಳು. ಹತ್ತು ನಿಮಿಷ ಕಳೆಯಿತು. ಶೆಟ್ಟರು ಗಲ್ಲ ತುರಿಸಿಕೊಂಡರು. "ಅಜ್ಜಿ ಪರವಾಗಿಲ್ಲ ಅಲ್ವಾ ಇವತ್ತು?"

ನಾನು ತಿರುಪಿನ ಮೇಲಿಂದ ಕೈ ತೆಗೆದೆ.

ಆಗ ಯಂಕವ್ವನ ಕೈ ಮೇಲೇಳಲಿಲ್ಲ. ಸುತ್ತಿಗೆ ತೊಡೆಯ ಮೇಲೆ ಬಿತ್ತು. ಬಲ್ಬು ಮಿನುಗುತ್ತಲೇ ಇತ್ತು. ನಾನು ನೋಡಿದೆ, ಯೋಗೀಶ್ ನೋಡಿದ. ಶೆಟ್ಟರು ಬೀಡಿ ಹಚ್ಚುತ್ತಿದ್ದರು, ನೋಡಲಿಲ್ಲ.

"ಸಾಹುಕಾರ್ರ!" ರಾಜಶ್ರೀಯ ದನಿ. ಹೊಡೆಯುವುದನ್ನು ನಿಲ್ಲಿಸದೆಯೇ ಕೂಗಿದಳು, ಸುತ್ತಿಗೆ ಏಳುತ್ತಿತ್ತು ಬೀಳುತ್ತಿತ್ತು, ಕಣ್ಣಿನಿಂದ ನೀರು ಸುರಿಯುತ್ತಿತ್ತು. "ಆಕಿ ಕೈ ಎತ್ತಲಾರದ ದೀಪಾ ಹತ್ತಾಕತ್ತೈತಿ ನೋಡ್ರಿ! ನಾ ಹೊಡದದ್ದು ಆಕಿ ದೀಪಕ್ಕ ಹೊಂಟೈತಿ! ನನಗ ಎರಡು ಸಣ್ಣ ಕೂಸು ಅದಾವ್ರಿ!"

ಶೆಟ್ಟರು ಬೀಡಿ ಹಿಡಿದ ಕೈಯಲ್ಲೇ ಎದ್ದು ಬಂದರು. ಬಲ್ಬನ್ನು ನೋಡಿದರು, ಯಂಕವ್ವನ ತೊಡೆಯನ್ನು ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. "ನೀವು ಒಳ್ಳೆಯವರು ಸರ್" ಎಂದರು. ಅದಕ್ಕಿಂತ ಕೆಟ್ಟ ಮಾತನ್ನು ನನಗೆ ಯಾರೂ ಹೇಳಿಲ್ಲ.

ಯಂಕವ್ವ ರಾಜಶ್ರೀಯ ಕಡೆ ತಿರುಗಿದಳು. ನಾನು ಶಾಪವೊಂದನ್ನು ನಿರೀಕ್ಷಿಸಿದೆ. "ಅಳಬ್ಯಾಡ, ಬೆರಳಿನ ಮ್ಯಾಲೆ ಹೊಡಕೊಂತಿ" ಎಂದಳು. ಎಡಗೈಯನ್ನು ನೆಲಕ್ಕೆ ಊರಿ ಎದ್ದಳು. ಸುತ್ತಿಗೆಯನ್ನು ಕಲ್ಲಿನ ಪಕ್ಕ ಇಟ್ಟು, ಡ್ರಮ್ಮಿನಲ್ಲಿ ಮುಖ ತೊಳೆದುಕೊಂಡು ಶೆಡ್ಡಿನ ಕಡೆ ನಡೆದಳು. ತಿಮ್ಮಣ್ಣ ಹೊತ್ತು ತಂದಿದ್ದ ಕಲ್ಲನ್ನು ವೃತ್ತದ ನಡುವೆ ಇಳಿಸಿ ಅವಳ ಹಿಂದೆ ಹೋದ. ಒಳಗೆ ಟ್ರಂಕು ಎಳೆಯುವ ಸದ್ದಾಯಿತು.

ಯಾರೂ ನಿಲ್ಲಿಸು ಎನ್ನಲಿಲ್ಲವಾದ್ದರಿಂದ ಏಳು ಜನ ಹೊಡೆಯುತ್ತಲೇ ಇದ್ದರು. ಮೊದಲು ದಿಕ್ಕುಗೆಟ್ಟು ಹೊಡೆದರು. ಆಮೇಲೆ, ಎಲ್ಲಿಂದಲೋ, ಕೈಗೆ ತಾನಾಗಿ ನೆನಪಾದ ಹಾಗೆ, ಸುತ್ತು ಮರಳಿತು. ಐದರ ನಂತರ ಒಂದು ಕ್ಷಣ ತಡೆದು ರಾಜಶ್ರೀಯೇ ಇನ್ನೊಂದು ಪೆಟ್ಟು ಹಾಕಿದಳು. ಅದು ಯಾರ ಪೆಟ್ಟೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ತಲೆ ಎತ್ತಲಿಲ್ಲ.

ಆರನೆಯ ಕಲ್ಲಿನ ಮುಂದೆ ಯಾರೂ ಇರಲಿಲ್ಲ. ಅದರ ಬಲ್ಬು ಒಂದೂ ಪೆಟ್ಟು ತಪ್ಪದೆ, ಏಳೂ ಜನರದ್ದನ್ನು ಕೇಳಿಸಿಕೊಂಡು ಉರಿಯುತ್ತಿತ್ತು.

"ಅದನ್ನೊಂದು ಆರಿಸಿ ಮಾರಾಯ್ರೆ" ಎಂದರು ಶೆಟ್ಟರು, ಬಿಸಿಲಿಗೆ ಕಣ್ಣು ಕಿರಿದು ಮಾಡಿ.

ಯೋಗೀಶ್ ಅಲುಗಲಿಲ್ಲ. ನಾನೇ ಮಂಡಿಯೂರಿ ಕಲ್ಲಿನಿಂದ ಬಿಲ್ಲೆಯನ್ನು ಕಿತ್ತೆ. ದೀಪ ಹೋಯಿತು. ಸದ್ದಿನಲ್ಲಿ ಏನೂ ಬದಲಾಗಲಿಲ್ಲ.